ಮುತ್ತು ಕೊಡದ ಸಿಂಪಿ

ಬೀದರಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಆದರೂ ನಮ್ಮ ಕೋಟೆಯ ರಂಗೀನ್ ಮಹಲಿನಲ್ಲಿ ಸಮುದ್ರದ ಚಿಪ್ಪು ಇದೆ. 16ನೇ ಶತಮಾನದಲ್ಲಿ, ಅಲಿ ಬರೀದ್ ಷಾನ ಕಾಲಕ್ಕೆ, ಕರಿಕಲ್ಲು ಕೊರೆದು ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಮನೆಗೆ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಎಲ್ಲರೂ ಫೋಟೊಗೆ ಬೀಳುತ್ತಾರೆ. ಆ ಚಿಪ್ಪಿನೊಳಗೆ ಬದುಕಿದ್ದ ಜೀವದ ಸುದ್ದಿ ಯಾರಿಗೂ ಬೇಡ.

ನನಗೆ ಇತ್ತೀಚೆಗೆ ಅದರ ಬಡ ನೆಂಟನ ಮೇಲೆ ಪ್ರೀತಿ ಹುಟ್ಟಿದೆ. ನ್ಯೂಯಾರ್ಕ್ ಬಂದರಿನ ಸಿಂಪಿ, ಅಂದರೆ ಆಯ್‌ಸ್ಟರ್. ಮೈಯೆಲ್ಲ ಒರಟು, ಬೂದು ಬಣ್ಣ. ಅಪ್ಪಿತಪ್ಪಿ ಮುತ್ತು ಕಟ್ಟಿದರೂ ಅದಕ್ಕೆ ಹೊಳಪಿಲ್ಲ. ಆದರೆ ಕೆಲಸ ನೋಡಿ. ಕಿವಿರಿನ ಮೇಲೆ ನೀರು ಹರಿಸಿಕೊಂಡು ಪಾಚಿಯ ಕಣಗಳನ್ನು ಹಿಡಿದು ತಿನ್ನುತ್ತದೆ. ಬೇಡವಾದದ್ದನ್ನು ಲೋಳೆಯಲ್ಲಿ ಸುತ್ತಿ ತಳಕ್ಕೆ ಉಗುಳುತ್ತದೆ. ಬೆಳೆದ ಒಂದು ಸಿಂಪಿ, ಎಲ್ಲ ಹದವಾಗಿದ್ದರೆ, ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಬಲ್ಲದು. ಅಂದರೆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಟ್ಯಾಂಕರಿಗೆ ಕಾಯುತ್ತಾ ನಿಲ್ಲುವ ನೀಲಿ ಡ್ರಮ್ ಹೆಚ್ಚುಕಡಿಮೆ ತುಂಬುವಷ್ಟು. ಅದೂ ಕರೆಂಟಿಲ್ಲದೆ!

ಮರಿ ಸಿಂಪಿ ಎರಡು ಮೂರು ವಾರ ಈಜಾಡಿ, ಗಟ್ಟಿ ಜಾಗ ಸಿಕ್ಕಿದರೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಜೀವನವಿಡೀ ಅಲ್ಲೇ. ಅದಕ್ಕೆ ಇಷ್ಟದ ಜಾಗ ಇನ್ನೊಂದು ಸಿಂಪಿಯ ಬೆನ್ನು. ಹೀಗೆ ಒಂದರ ಮೇಲೊಂದು ಹತ್ತಿ ನೀರೊಳಗೆ ದಿಬ್ಬ ಏಳುತ್ತದೆ. ಸಂದಿಗಳಲ್ಲಿ ಏಡಿ, ಸಣ್ಣ ಮೀನು ಸಂಸಾರ ಹೂಡುತ್ತವೆ. ಅಲೆಯ ಜೋರೂ ಅಲ್ಲಿ ಸ್ವಲ್ಪ ಮುರಿಯುತ್ತದೆ.

ಇಂಥದ್ದನ್ನು ಆ ಊರಿನವರು ಏನು ಮಾಡಿದರು? ತಿಂದರು. 19ನೇ ಶತಮಾನದಲ್ಲಿ ಬೀದಿ ಗಾಡಿಗಳಲ್ಲಿ ಮಾರಿ ತಿಂದರು, ಚಿಪ್ಪು ಸುಟ್ಟು ಸುಣ್ಣ ಮಾಡಿಕೊಂಡರು. ಉಳಿದವುಗಳ ಮೇಲೆ ಊರಿನ ಚರಂಡಿ ಬಿಟ್ಟರು. ಸಿಂಪಿ ತಿಂದವರಿಗೆ ಟೈಫಾಯ್ಡ್ ಬರತೊಡಗಿತು. 1927ರ ಹೊತ್ತಿಗೆ ಬಂದರಿನ ಸಿಂಪಿ ವ್ಯಾಪಾರವೇ ಬಾಗಿಲು ಹಾಕಿತು.

ಚರಂಡಿಗೆ ಸರಿಯಾಗಿ ಕಡಿವಾಣ ಬಿದ್ದದ್ದು ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆಯ ನಂತರ. ಈಗ ಬಿಲಿಯನ್ ಆಯ್‌ಸ್ಟರ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇದೆ. 2014ರಲ್ಲಿ ಶುರುವಾದದ್ದು. 2035ರೊಳಗೆ ನೂರು ಕೋಟಿ ಸಿಂಪಿ ಬಂದರಿಗೆ ಮರಳಿಸುವ ಆಸೆ ಅವರದು. ಹೋಟೆಲುಗಳಲ್ಲಿ ತಿಂದು ಬಿಟ್ಟ ಚಿಪ್ಪನ್ನೇ ಒಟ್ಟುಮಾಡಿ, ಬಿಸಿಲು ಮಳೆಯಲ್ಲಿ ಹಾಕಿ, ಅದರ ಮೇಲೆ ಮರಿ ಹತ್ತಿಸಿ ನೀರಿಗಿಳಿಸುತ್ತಾರೆ. ಶಾಲೆ ಮಕ್ಕಳೂ ಕೈ ಜೋಡಿಸುತ್ತಾರೆ. ತಿಂದವರ ಎಂಜಲು ಚಿಪ್ಪಿನ ಮೇಲೆ ಹೊಸ ಸಂಸಾರ. ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಕಾಕಾ, ನಿಂಬೆಹಣ್ಣು ಹಿಂಡಿ ಹಸೀದೇ ನುಂಗೂದು. ಮಸ್ತ್ ಇರ್ತದ" ಎಂದ. ಅವನು ತಿಂದದ್ದು ಬೇರೆ ಕಡೆಯದು, ಬಂದರಿನದನ್ನು ತಿನ್ನುವಂತಿಲ್ಲಪ್ಪ ಎಂದೆ. ಸೋಸುವಾಗ ರೋಗಾಣು, ಲೋಹ ಎಲ್ಲ ಅದರ ಮೈಗೂ ಸೇರುತ್ತವೆ. ಈ ಸಲ ಅದನ್ನು ತಟ್ಟೆಯಿಂದ ಕಾಪಾಡಿದ್ದು ಊರಿನ ಕೊಳೆಯೇ.

"ಹಂಗಾರ ನೂರು ಕೋಟಿ ಬೆಳೆಸಿ ಏನ್ ಮಾಡ್ತಾರ ಕಾಕಾ?"

ನೀರು ಸೋಸಲಿಕ್ಕೆ, ಅಂದೆ. ಅವನಿಗೆ ಅಷ್ಟಾಗಿ ಸಮಾಧಾನ ಆಗಲಿಲ್ಲ.