ಗೆದ್ದವಳಿಗೇ ಮತ್ತೆ ಚೀಟಿ

ಹದಿಹರೆಯದವರಿಗೆ ಅಂತ ಬರೆದ ಪುಸ್ತಕವನ್ನು ಬಿಪಿ ಮಾತ್ರೆ ನುಂಗುವ ವಯಸ್ಸಿನವರು ಓದಿದರೆ ಆರೋಗ್ಯಕ್ಕೇನೂ ಆಗಲ್ಲ. ಅಡುಗೆಮನೆಗೆ ಆಗುತ್ತದೆ.

ಸುಝೇನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ಬಂದದ್ದು 2008ರಲ್ಲಿ. ಪನೆಮ್ ಅಂತ ಒಂದು ದೇಶ. ಅದರ 12 ಜಿಲ್ಲೆಗಳಿಂದ ಪ್ರತಿ ವರ್ಷ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಒಬ್ಬರೇ ಉಳಿಯುವವರೆಗೂ ಕಾದಾಡಿಸಿ ಟಿವಿಯಲ್ಲಿ ತೋರಿಸುತ್ತಾರೆ. ಕ್ಯಾಟ್ನಿಸ್ ಅನ್ನುವ ಹುಡುಗಿ ಗೆಲ್ಲುತ್ತಾಳೆ, ಜೊತೆಗೆ ತನ್ನದೇ ಜಿಲ್ಲೆಯಿಂದ ಬಂದ ಹುಡುಗ ಪೀಟಾನನ್ನೂ ಉಳಿಸಿಕೊಳ್ಳುತ್ತಾಳೆ. ಹೊಸ ಮನೆ, ಕೈತುಂಬ ದುಡ್ಡು. ಕಥೆ ಮುಗೀತು, ಅಲ್ವಾ?

2009ರಲ್ಲಿ ಎರಡನೇ ಭಾಗ 'ಕ್ಯಾಚಿಂಗ್ ಫೈರ್' ಬಂತು. ಆಟಕ್ಕೆ 75 ವರ್ಷ. ಇಪ್ಪತ್ತೈದು ವರ್ಷಕ್ಕೊಮ್ಮೆ ಅಲ್ಲಿ ವಿಶೇಷ ನಿಯಮ. ಈ ಸಲ ಹಿಂದೆ ಗೆದ್ದವರಲ್ಲೇ ಚೀಟಿ ಎತ್ತಬೇಕಂತೆ. ಹನ್ನೆರಡನೇ ಜಿಲ್ಲೆಯಲ್ಲಿ ಗೆದ್ದು ಬದುಕಿರುವ ಹೆಣ್ಣು ಕ್ಯಾಟ್ನಿಸ್ ಒಬ್ಬಳೇ. ಆದರೂ ಶಾಸ್ತ್ರ ಬಿಡಲ್ಲ. ಗಾಜಿನ ಬುಂಡೆಯೊಳಗೆ ಕೈ ಹಾಕಿ, ಇರುವ ಒಂದೇ ಒಂದು ಚೀಟಿಯನ್ನು ತಡಕಾಡಿ ಎತ್ತುತ್ತಾರೆ!

ಇಷ್ಟು ಓದುವಷ್ಟರಲ್ಲಿ ಹಾಲು ಉಕ್ಕಿ, ಹರಿದು, ಪಾತ್ರೆಯ ತಳ ಕರಕಾಗಿತ್ತು. "ಏನೇ ಅದು ಸೀದ ವಾಸನೆ?" ಅಂದರು ನಮ್ಮವರು. "ಹನ್ನೆರಡನೇ ಜಿಲ್ಲೆ ಕಣ್ರೀ, ಕಲ್ಲಿದ್ದಲು ಗಣಿ" ಅಂದೆ. ಅವರು ಸುಮ್ನೆ ಪೇಪರಿಗೆ ಮರಳಿದರು.

ಆ ಒಂಟಿ ಚೀಟಿಯ ಸಂಕಟ ಹುಡುಗರಿಗಿಂತ ನನಗೇ ಜಾಸ್ತಿ ತಟ್ಟಿತು. ನಮ್ಮ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬದಲ್ಲಿ ಒಂದು ವರ್ಷ ಪ್ರಸಾದ ನನ್ನ ಪಾಲಿಗೆ ಬಂತು. ಪುಳಿಯೋಗರೆ ಚೆನ್ನಾಗಾಯಿತು. ಮುಂದಿನ ವರ್ಷ ಮೀಟಿಂಗಿನಲ್ಲಿ "ಯಾರು ಮಾಡ್ತೀರಿ?" ಅಂತ ಕೇಳಿದರು, ಕೇಳುವಾಗಲೇ ಎಲ್ಲರೂ ನನ್ನ ಕಡೆ ತಿರುಗಿದ್ದರು. ಅದಕ್ಕೂ ಮೊದಲು ಪೊಂಗಲ್ ಸೀಯಿಸಿದ್ದ ಮೂರನೇ ಮಹಡಿಯವರು ಇವತ್ತಿಗೂ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಮಂಗಳಾರತಿ ತಗೊಳ್ಳುತ್ತಾರೆ. ಗೆಲ್ಲುವ ಕಥೆ ಎಲ್ಲ ಕಡೆ ಸಿಗುತ್ತದೆ. ಗೆದ್ದವರ ರಟ್ಟೆ ಹಿಡಿದು ಮತ್ತೆ ಕಣಕ್ಕೆ ನೂಕುವ ಕಥೆ ಇದು. ನನ್ನ ಕೇಳಿದರೆ ಮೊದಲ ಭಾಗಕ್ಕಿಂತ ಇದೇ ಗಟ್ಟಿ.

ಕ್ಯಾಟ್ನಿಸ್ ಒಲಿಯಬೇಕಾದ್ದು ಪೀಟಾನಿಗೋ, ಅವಳ ಜೊತೆ ಬೇಟೆಗೆ ಹೋಗುವ ಊರಿನ ಗೆಳೆಯ ಗೇಲ್‌ಗೋ ಅನ್ನುವುದು ಮಗಳ ಚಿಂತೆ. ಪೀಟಾ ಬೇಕರಿಯವರ ಮಗ, ಬ್ರೆಡ್ ಮಾಡಲು ಬರುತ್ತದೆ. ಇನ್ನೇನು ಯೋಚನೆ?

ಈ ಸಲದ ಕಣವೇ ಒಂದು ಗಡಿಯಾರ. ಹನ್ನೆರಡು ಭಾಗ, ಗಂಟೆಗೊಂದು ಕಾಟ. ಸಿಡಿಲು, ರಕ್ತದ ಮಳೆ, ವಿಷದ ಮಂಜು, ಆಮೇಲೆ ಕೋತಿಗಳು. ಕೋತಿಗಳು ಮೇಲೆ ಬೀಳುವಾಗ ನಾನು ಬಸ್ಸಿನಲ್ಲಿದ್ದೆ. ಜಯನಗರದಲ್ಲಿ ಇಳಿಯಬೇಕಾದವಳು ಬನಶಂಕರಿ ತಲುಪಿದ್ದೆ. "ಏನಮ್ಮಾ, ಎಕ್ಸಾಮಾ?" ಅಂದ ಕಂಡಕ್ಟರ್.

ಕೊನೆಯಲ್ಲಿ ಗೇಲ್ ಬಂದು, ಹನ್ನೆರಡನೇ ಜಿಲ್ಲೆಯೇ ಈಗ ಇಲ್ಲ ಅಂತಾನೆ. ಅಷ್ಟೇ, ಪುಸ್ತಕ ಖಾಲಿ. ಆಗ ಓದಿದವರು ಮೂರನೇ ಭಾಗಕ್ಕೆ 2010ರ ಆಗಸ್ಟ್‌ವರೆಗೂ ಕಾದಿದ್ದರು. ನನಗೆ ಬೆಳಗಾಗುವ ತನಕ ತಡೆಯಲಾಗಲಿಲ್ಲ. ನಡುರಾತ್ರಿ ಮಗಳನ್ನು ಎಬ್ಬಿಸಿದೆ.

"ಫ್ರೆಂಡ್ ಹತ್ರ ಇದೆ, ಮಲ್ಕೋ ಅಮ್ಮ."

"ಯಾವ ಫ್ರೆಂಡೇ?"

"ಮೂರನೇ ಮಹಡಿ."

ಬೆಳಗ್ಗೆ ಹೋಗಿ ಬೆಲ್ ಒತ್ತಿದೆ. ಆ ಹುಡುಗಿಯ ಅಮ್ಮ ಪುಸ್ತಕ ತಂದರು. ಆದರೆ ಕೈಯಲ್ಲೇ ಹಿಡಿದುಕೊಂಡು, "ಈ ಸಲಾನೂ ಪುಳಿಯೋಗರೆ ನಿಮ್ದೇ ತಾನೆ?" ಅಂದರು.

ಹೂಂ ಅಂದೆ. ಅನ್ನದಿದ್ದರೆ ಪುಸ್ತಕ ಬಿಡುವ ಹಾಗೆ ಕಾಣಲಿಲ್ಲ.