ಹಡಗುದಾರಿಯ ಹೂಳು ಮತ್ತು ಮುಗಿಯದ ಲೆಕ್ಕ

ನದಿಯ ಹಡಗುದಾರಿಯನ್ನು ಇನ್ನೊಂದೆರಡು ಮೀಟರ್ ಆಳಗೊಳಿಸುವ ಯೋಜನೆ ಬಂದಾಗಲೆಲ್ಲ ಅದರ ವೆಚ್ಚವನ್ನು ಒಮ್ಮೆ ಮಾಡಿ ಮುಗಿಸುವ ಖರ್ಚಿನಂತೆ ತೋರಿಸಲಾಗುತ್ತದೆ. ಈ ಲೆಕ್ಕ ಮೂಲದಲ್ಲಿಯೇ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರು ಎಷ್ಟು ಮಣ್ಣನ್ನು ಹೊರಬಲ್ಲದು ಎಂಬುದನ್ನು ಮುಖ್ಯವಾಗಿ ಅದರ ವೇಗ ನಿರ್ಧರಿಸುತ್ತದೆ. ಪಾತ್ರವನ್ನು ಅಗೆದು ದೊಡ್ಡದು ಮಾಡಿದರೆ ಅಷ್ಟೇ ನೀರು ನಿಧಾನವಾಗಿ ಹರಿಯುತ್ತದೆ, ಹೊತ್ತು ತಂದ ಮರಳು ಮತ್ತು ಮೆಕ್ಕಲು ಅಲ್ಲಿಯೇ ತಳಕ್ಕಿಳಿಯುತ್ತವೆ. ಅಳಿವೆಯಲ್ಲಿ ಇದಕ್ಕೆ ಉಪ್ಪುನೀರೂ ಸೇರುತ್ತದೆ: ಜೇಡಿಯ ಸೂಕ್ಷ್ಮ ಕಣಗಳು ಉಪ್ಪಿನ ಸಂಪರ್ಕದಿಂದ ಒಂದಕ್ಕೊಂದು ಅಂಟಿಕೊಂಡು ಬೇಗ ಕೆಳಗಿಳಿಯುತ್ತವೆ, ತಳದಲ್ಲಿ ಒಳನುಗ್ಗುವ ಉಬ್ಬರವು ಸಮುದ್ರದ ಕಡೆಯ ಹೂಳನ್ನೂ ಮೇಲಕ್ಕೆ ತಳ್ಳುತ್ತದೆ. ಹೀಗೆ ಆಳ ಹೆಚ್ಚಿಸಿದಷ್ಟೂ ಪ್ರತಿವರ್ಷ ಎತ್ತಬೇಕಾದ ಹೂಳೂ ಹೆಚ್ಚುತ್ತದೆ. ಜರ್ಮನಿಯ ಹ್ಯಾಂಬರ್ಗ್ ಬಂದರಿಗಾಗಿ ಎಲ್ಬೆ ನದಿಯನ್ನು ಮತ್ತೆ ಮತ್ತೆ ಆಳಗೊಳಿಸಿದ ಮೇಲೂ ಅಲ್ಲಿ ಹೂಳಿನ ಸಮಸ್ಯೆ ತೀರಿಲ್ಲ.

ನಮ್ಮ ದೇಶದ ಹೂಗ್ಲಿ ನದಿಯ ಕಥೆಯೂ ಇದಕ್ಕೆ ದೂರವಲ್ಲ. ಕೋಲ್ಕತ್ತಾ ಬಂದರನ್ನು ಉಳಿಸಲೆಂದು 1975ರಲ್ಲಿ ಫರಕ್ಕಾ ಬ್ಯಾರೇಜಿನಿಂದ ಸುಮಾರು 38 ಕಿಲೋಮೀಟರ್ ಉದ್ದದ ಕಾಲುವೆಯ ಮೂಲಕ ಗಂಗೆಯ ನೀರನ್ನು ತಿರುಗಿಸಲಾಯಿತು. ಗರಿಷ್ಠ 40,000 ಕ್ಯೂಸೆಕ್ ನೀರು ಹೂಳನ್ನು ಕೊಚ್ಚಿಕೊಂಡು ಹೋಗಬೇಕೆಂಬುದು ಉದ್ದೇಶವಾಗಿತ್ತು. ಆದರೆ ಅಲ್ಲಿ ಹೂಳೆತ್ತುವ ಯಂತ್ರಗಳಿಗೆ ಇಂದಿಗೂ ಬಿಡುವಿಲ್ಲ.

ಇದಕ್ಕೆ ವಿರುದ್ಧ ದಾರಿಯನ್ನು ಹಿಡಿದವರು ಅಮೆರಿಕದ ಎಂಜಿನಿಯರ್ ಜೇಮ್ಸ್ ಈಡ್ಸ್. 1879ರ ಹೊತ್ತಿಗೆ ಅವರು ಮಿಸಿಸಿಪ್ಪಿ ನದಿಯ ಒಂದು ಕವಲು ಸಮುದ್ರ ಸೇರುವ ಬಾಯಲ್ಲಿ ಎರಡು ಕಡೆ ಒಡ್ಡು ಕಟ್ಟಿ ಹರಿವನ್ನು ಕಿರಿದಾಗಿಸಿದರು. ವೇಗ ಪಡೆದ ನದಿ ತನ್ನ ತಳವನ್ನು ತಾನೇ ಕೊರೆದು 30 ಅಡಿ ಆಳ ಮಾಡಿಕೊಂಡಿತು. ಎಂಜಿನಿಯರಿಂಗ್ ಇತಿಹಾಸದಲ್ಲಿ ನಾನು ಬಹಳ ಗೌರವಿಸುವ ಕೆಲಸವಿದು. ಆದರೂ ಆ ಮಣ್ಣು ಆಳಸಮುದ್ರದ ಪಾಲಾಯಿತು ಎಂಬುದನ್ನು ಮರೆಯುವಂತಿಲ್ಲ. ಅದೇ ನದಿಯ ಮುಖಜಭೂಮಿ ಇರುವ ಲೂಸಿಯಾನಾ 1930ರ ದಶಕದಿಂದೀಚೆಗೆ ಸುಮಾರು 5,000 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಳೆದುಕೊಂಡಿದೆ. ನೆಲದ ಕುಸಿತದ ಜೊತೆಗೆ, ದಡದ ಏರಿಗಳೂ ಮೇಲಿನ ಅಣೆಕಟ್ಟುಗಳೂ ಮೆಕ್ಕಲನ್ನು ತಡೆದದ್ದು ಇದಕ್ಕೆ ಮುಖ್ಯ ಕಾರಣ. ಈಗ ಅಲ್ಲಿ ಹಡಗುದಾರಿಯಿಂದ ಎತ್ತಿದ ಹೂಳಿನ ಒಂದು ಭಾಗವನ್ನು ಕೊಳವೆಗಳಲ್ಲಿ ಹರಿಸಿ ಜೌಗುನೆಲವನ್ನು ಮತ್ತೆ ಕಟ್ಟುತ್ತಿದ್ದಾರೆ.

ಕಾರ್ಖಾನೆಯ ವಿಷಲೋಹ ಬೆರೆತ ಹೂಳನ್ನು ಹೀಗೆ ಹರಡಲಾಗದು, ಅದನ್ನು ಪರೀಕ್ಷಿಸಿ ಬೇರೆಯಾಗಿಯೇ ಇಡಬೇಕು. ಆದರೆ ಶುದ್ಧವಾದ ಮೆಕ್ಕಲನ್ನು ಕಸವೆಂದು ಕಡಲಿಗೆ ಸುರಿಯುವುದನ್ನು ನಾನು ಒಪ್ಪಲಾರೆ. ಅದನ್ನು ನದೀತೀರಕ್ಕೆ ಮರಳಿಸುವ ಖರ್ಚು ಹೆಚ್ಚು ನಿಜ. ಆ ಖರ್ಚು, ಮುಂದಿನ ದಶಕಗಳ ಹೂಳೆತ್ತುವ ವೆಚ್ಚದೊಂದಿಗೆ, ಯೋಜನೆಗೆ ಒಪ್ಪಿಗೆ ಕೊಡುವ ಮೊದಲೇ ಅಂದಾಜುಪಟ್ಟಿಯಲ್ಲಿ ಕಾಣಬೇಕು.