ಹಾಸಿಗೆ ನೋಡುವ ಮುಂಚೆ ಗಾಡಿಯ ಅಡಿ ನೋಡಿ

ನ್ಯೂಜಿಲೆಂಡ್‌ನಲ್ಲಿ ಎರಡು ಮೂರು ತಿಂಗಳು ಸುತ್ತುವವರಿಗೆ ಬಾಡಿಗೆ ಗಾಡಿಗಿಂತ ಹಳೆಯ ಕ್ಯಾಂಪರ್‌ವ್ಯಾನ್ ಕೊಂಡು, ಹೊರಡುವಾಗ ಮಾರಿಬಿಡುವುದೇ ಲೇಸು. ಆದರೆ ಹೆಚ್ಚಿನವರು ಗಾಡಿ ನೋಡುವ ಕ್ರಮವೇ ತಲೆಕೆಳಗು. ಮೊದಲು ಹಾಸಿಗೆ, ಪರದೆ, ಮಿಣುಕು ದೀಪ. ಎಂಜಿನ್ ಕಡೆಗೆ ಕಣ್ಣು ಹಾಯಿಸುವುದು ಕೊನೆಗೆ, ಅದೂ ಹೊತ್ತು ಉಳಿದರೆ. ಹಾಸಿಗೆಯನ್ನು ಒಂದಿಷ್ಟು ಪ್ಲೈವುಡ್ ತಂದು ಒಂದೇ ದಿನದಲ್ಲಿ ಮಾಡಿಕೊಳ್ಳಬಹುದು. ತುಕ್ಕು ತಿಂದ ಚಾಸಿಗೆ ಅಂಥ ಮದ್ದಿಲ್ಲ.

ಗಾಡಿ ನೋಡಲು ಹೋಗುವ ಮುಂಚೆಯೇ ಫೋನ್ ಮಾಡಿ, "ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಟೊಯೊಟಾ ಎಸ್ಟಿಮಾ ಬಿಟ್ಟರೆ ಅಗ್ಗಕ್ಕೆ ಸಿಗುವ ಟೊಯೊಟಾ ಹಯೇಸ್, ಮಜ್ದಾ ಬೊಂಗೊ ವ್ಯಾನ್‌ಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿ. ಸೀಟು ಎತ್ತಿಸಿಯೇ ನೋಡಿ. ರೇಡಿಯೇಟರ್ ಮುಚ್ಚಳ ತೆಗೆದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹಸಿರೋ ಕೆಂಪೋ ತಿಳಿಯಾಗಿ, ಬಾಯಿತನಕ ಇರಬೇಕು. ಕಂದು ಕೆಸರಿದ್ದರೆ, ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಅಡಿಯ ಸೀಲು, ಹೋಗಿರುವ ಲಕ್ಷಣ. ಆಯಿಲ್ ಮುಚ್ಚಳದ ಒಳಬದಿಗೆ ಬೆಣ್ಣೆಯಂಥ ಬಿಳಿ ನೊರೆ ಅಂಟಿದ್ದರೂ ಅದೇ ಅನುಮಾನ. ಚಳಿಯಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲೂ ತುಸು ನೊರೆ ಬರುತ್ತದೆ, ಅದಕ್ಕೇ ಎರಡನ್ನೂ ಕೂಡಿಸಿ ನೋಡಬೇಕು. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಆಯಿಲ್ ಕೆಂಪಾಗಿದೆಯೇ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಾತು ಅಲ್ಲಿಗೇ ಮುಗಿಸಿ.

ಬೊಂಗೊ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ರೇಡಿಯೇಟರ್ ಮುಂದೆ, ಎಂಜಿನ್ ಸೀಟಿನಡಿ, ನಡುವೆ ಹಲವು ಹೋಸ್‌ಗಳು. ಯಾವುದಾದರೂ ಒಂದರಲ್ಲಿ ಸಣ್ಣ ಬಿರುಕು ಬಿಟ್ಟರೆ ಸಾಕು, ಕೂಲೆಂಟ್ ಸದ್ದಿಲ್ಲದೆ ಸೋರಿ, ಮೀಟರ್ ಮುಳ್ಳು ಎಚ್ಚರಿಸುವ ಹೊತ್ತಿಗೆ ಹೆಡ್ ಸೊಟ್ಟಗಾಗಿರುತ್ತದೆ. ಕ್ವೀನ್ಸ್‌ಟೌನ್‌ನಿಂದ ವಾನಕಾಗೆ ಹೋಗುವ ಕ್ರೌನ್ ರೇಂಜ್ ಏರಿನಲ್ಲಿ ಹೀಗಾದರೆ ಪ್ರವಾಸ ಅಲ್ಲೇ ಮುಗಿದಂತೆ. ಕೂಲೆಂಟ್ ಕಡಿಮೆಯಾದರೆ ಕೂಗುವ ಅಲಾರಂ ಹಾಕಿಸಿದ್ದ ಬೊಂಗೊ ಸಿಕ್ಕರೆ, ಹಿಂದಿನ ಮಾಲೀಕರು ಗಾಡಿ ಬಲ್ಲವರು ಅಂದುಕೊಳ್ಳಿ. ಡೀಸೆಲ್ ಬೊಂಗೊಗೂ ಹಳೆಯ ಡೀಸೆಲ್ ಹಯೇಸ್‌ಗೂ ಟೈಮಿಂಗ್ ಬೆಲ್ಟ್ ಇದೆ. ಸುಮಾರು 1 ಲಕ್ಷ ಕಿ.ಮೀ.ಗೊಮ್ಮೆ ಬದಲಿಸಲೇಬೇಕು. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಅಷ್ಟು ದುಡ್ಡು ಚೌಕಾಸಿಯಲ್ಲಿ ಇಳಿಸಿ.

ತುಕ್ಕು ನೋಡಲು ಟಾರ್ಚ್ ಹಿಡಿದು ನೆಲಕ್ಕೆ ಮಲಗಲೇಬೇಕು. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಸೀಟ್ ಬೆಲ್ಟ್ ಬಿಗಿದ ಸುತ್ತಮುತ್ತ, ಮುಂದಿನ ಗಾಜಿನ ಅಂಚು ನೋಡಿ. ಬಣ್ಣ ಗುಳ್ಳೆ ಎದ್ದ ಕಡೆ ಬೆರಳಿನಿಂದ ಒತ್ತಿ. ಕರಕರ ಅಂದರೆ ಒಳಗೆ ಲೋಹ ಉಳಿದಿಲ್ಲ. ಮ್ಯಾಗ್ನೆಟ್ ಹಿಡಿಯದ ಕಡೆ ಪುಟ್ಟಿ ಮೆತ್ತಿದ್ದಾರೆ. ಹಾಸಿಗೆ ಎತ್ತಿ ಅಡಿಯ ಹಲಗೆಯನ್ನೂ ನೋಡಿ, ಕಪ್ಪು ಬೂಷ್ಟು ಇದ್ದರೆ ಎಲ್ಲೋ ನೀರು ಸೋರುತ್ತಿದೆ. ಹೊರಗೆ ಥಳಕು, ಒಳಗೆ ಹುಳುಕು ಅನ್ನುವುದು ಇಂಥ ಗಾಡಿಗೇ.

"ಹೊಸ ವೋಫ್ ಇದೆ" ಅಂದ ತಕ್ಷಣ ನಂಬುವವರು ತುಂಬ ಜನ. ವೋಫ್ ಅಂದರೆ ವಾರಂಟ್ ಆಫ್ ಫಿಟ್‌ನೆಸ್, ಗಾಡಿ ರಸ್ತೆಗಿಳಿಯಲು ಯೋಗ್ಯ ಅನ್ನುವ ಪ್ರಮಾಣಪತ್ರ. ಅದಕ್ಕೆ ನೋಡುವುದು ಬ್ರೇಕ್, ಟೈರ್, ಲೈಟ್, ಸೀಟ್ ಬೆಲ್ಟ್, ತುಕ್ಕು ಇಂಥ ಸುರಕ್ಷತೆಯ ಸಂಗತಿಗಳನ್ನು ಮಾತ್ರ. ಎಂಜಿನ್, ಗೇರ್‌ಬಾಕ್ಸ್‌ನ ಆರೋಗ್ಯ ಅದರಲ್ಲಿ ಬರುವುದಿಲ್ಲ. ಮಾರುವಾಗ ವೋಫ್ ಒಂದು ತಿಂಗಳಿಗಿಂತ ಹಳೆಯದಿರಬಾರದು ಅನ್ನುವುದು ನಿಯಮ. "ಇದ್ದದ್ದು ಇದ್ದಂತೆ ಒಪ್ಪಿದ್ದೇನೆ" ಅಂತ ನೀವೇ ಬರೆದುಕೊಟ್ಟರೆ ಮಾತ್ರ ಅದಕ್ಕೆ ವಿನಾಯಿತಿ. ದಯವಿಟ್ಟು ಬರೆದುಕೊಡಬೇಡಿ. ಮಾರುವವರಿಗೆ ಸಂಬಂಧವಿಲ್ಲದ ಕಡೆ ಸುಮಾರು 200 ನ್ಯೂಜಿಲೆಂಡ್ ಡಾಲರ್ ಕೊಟ್ಟು ಪೂರ್ತಿ ತಪಾಸಣೆ ಮಾಡಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಡೀಸೆಲ್ ಗಾಡಿಗೆ ರಸ್ತೆ ಬಳಕೆಯ ಶುಲ್ಕ ಬೇರೆ ಕಟ್ಟಬೇಕು, 1,000 ಕಿ.ಮೀ.ಗೆ 76 ಡಾಲರ್. ಎಷ್ಟು ಕಿ.ಮೀ. ತನಕ ಶುಲ್ಕ ಕಟ್ಟಿದೆ ಅಂತ ಗಾಜಿನ ಮೇಲಿನ ಲೇಬಲ್‌ನಲ್ಲಿರುವ ಅಂಕಿಯನ್ನು ಓಡೋಮೀಟರ್ ದಾಟಿದ್ದರೆ ಆ ಬಾಕಿ ನಿಮ್ಮ ತಲೆಗೇ ಬರಬಹುದು. ಗಾಡಿಯ ಮೇಲೆ ಸಾಲವಿದೆಯೇ ಅಂತ ಪಿಪಿಎಸ್‌ಆರ್‌ನಲ್ಲಿ (ಅಡವಿಟ್ಟ ವಸ್ತುಗಳ ಸರ್ಕಾರಿ ಆನ್‌ಲೈನ್ ದಾಖಲೆ) ಹುಡುಕುವುದು ಐದು ನಿಮಿಷದ ಕೆಲಸ.

ಈಗ ಹೆಚ್ಚು ಮೋಸ ಹೋಗುವ ಜಾಗಕ್ಕೆ ಬರೋಣ. 2023ರಲ್ಲಿ ಬಂದ ಕಾನೂನಿನ ಪ್ರಕಾರ, ಸೆಲ್ಫ್ ಕಂಟೇನ್ಡ್ ವಾಹನ, ಅಂದರೆ ಟಾಯ್ಲೆಟ್, ನೀರು ಎಲ್ಲ ಒಳಗೇ ಇರುವ ಗಾಡಿ, ಮಾತ್ರ ನಿಲ್ಲಬಹುದಾದ ತಾಣಗಳಲ್ಲಿ ರಾತ್ರಿ ಕಳೆಯಲು ಅದನ್ನು ದೃಢಪಡಿಸುವ ಹಸಿರು ವಾರಂಟ್ ಬೇಕು. ವೋಫ್ ಬೇರೆ, ಇದು ಬೇರೆ. ಇದಕ್ಕೆ ಮುಂಚೆ ಇದೇ ಕೆಲಸಕ್ಕೆ ನಡೆಯುತ್ತಿದ್ದ ಹಳೆಯ ನೀಲಿ ಸ್ಟಿಕರ್‌ನ ಕಾಲ 2026ರ ಜೂನ್ 7ಕ್ಕೆ ಮುಗಿಯುವಂಥದ್ದು. ಟಾಯ್ಲೆಟ್ ಗಾಡಿಗೆ ಬಿಗಿದಿರಬೇಕು, ಹಾಸಿಗೆ ಹಾಸಿದ ಮೇಲೂ ಒಳಗೇ ಬಳಸುವಂತಿರಬೇಕು. ಮಂಚದ ಅಡಿ ತುರುಕಿಟ್ಟ ಪೋರ್ಟಬಲ್ ಡಬ್ಬಿ ಸಾಲದು. ಮೂರು ದಿನಕ್ಕೆ ತಲೆಗೆ 12 ಲೀಟರ್ ಕುಡಿಯುವ ನೀರು, ಅಷ್ಟೇ ಹಿಡಿಸುವ ಕೊಳಕು ನೀರಿನ ಟ್ಯಾಂಕ್, ಸಿಂಕ್, ಮುಚ್ಚಳವಿರುವ ಕಸದ ಡಬ್ಬ ಬೇಕು. ವಾರಂಟ್‌ನಲ್ಲಿ ಎಷ್ಟು ಜನಕ್ಕೆ ಅಂತ ಬರೆದಿರುತ್ತದೆ, ಇಬ್ಬರು ಹೋಗುವವರು ಅದನ್ನು ಓದಿ. ಇದಿಲ್ಲದೆ ನಿಂತರೆ 400 ಡಾಲರ್ ದಂಡ ಬೀಳಬಹುದು. ವಾರಂಟ್ ಇಲ್ಲದ ಗಾಡಿ ಎಷ್ಟೇ ಅಗ್ಗವಿರಲಿ, ರಾತ್ರಿ ರಾತ್ರಿ ಕ್ಯಾಂಪಿಂಗ್ ತಾಣಕ್ಕೆ ಕೊಡುವ ದುಡ್ಡನ್ನು ಅದರ ಬೆಲೆಗೆ ಸೇರಿಸಿ ನೋಡಿ.

ಥರ್ಡ್ ಪಾರ್ಟಿ ವಿಮೆ ಅಲ್ಲಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಇನ್ನೊಬ್ಬರ ದುಬಾರಿ ಕಾರಿಗೆ ಗುದ್ದಿದರೆ ಕಟ್ಟಬೇಕಾದವರು ನೀವೇ.

ಆಕ್ಲೆಂಡ್‌ನಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಎಲ್ಲರೂ ಕೊಳ್ಳುತ್ತಾರೆ, ಏಪ್ರಿಲ್ ಹೊತ್ತಿಗೆ ಎಲ್ಲರೂ ಮಾರುತ್ತಾರೆ. ಹಾಗಾಗಿ ವಿಮಾನದ ದಿನಕ್ಕೆ ಮೂರು ವಾರ ಮುಂಚೆಯೇ ಜಾಹೀರಾತು ಹಾಕಿ, ಎಲ್ಲ ಬಿಲ್‌ಗಳನ್ನೂ ಒಂದು ಫೈಲಿನಲ್ಲಿಡಿ. ಕೀಲಿ ಕೊಟ್ಟ ದಿನವೇ ಸಾರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಮಾರಿದ್ದನ್ನು ದಾಖಲಿಸಿ. ಕೊಂಡವರು ಮಾಡಿಕೊಳ್ಳುತ್ತಾರೆ ಅಂತ ಬಿಟ್ಟರೆ ಅವರ ಟೋಲ್, ಪಾರ್ಕಿಂಗ್ ದಂಡಗಳೆಲ್ಲ ನಿಮ್ಮ ಹೆಸರಿಗೇ ಬರುತ್ತಿರುತ್ತವೆ.